ಆಟದೊಳಗಿನ ಅಮ್ಮ, ಆಟಕ್ಕೆ ಬಾರದ ಅಮ್ಮ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವ ಊರಿಗೆ ಹೋದರೂ ಇಂದು ಒಂದು ನೋಟ ತಪ್ಪದು. ಚಹಾದಂಗಡಿಯ ಬೆಂಚು, ಮಸೀದಿಯ ಹೊರಗಿನ ಕಟ್ಟೆ, ಗುಡಿಯ ಮುಂದಿನ ಬೇವಿನ ನೆರಳು, ಎಲ್ಲೆಡೆ ನಾಲ್ಕಾರು ಹುಡುಗರು ಮೊಬೈಲ್ ಮೇಲೆ ಬಾಗಿ ಕುಳಿತಿರುತ್ತಾರೆ. ಈ ಕುರಿತು ಹಿರಿಯರ ದೂರುಗಳೂ ಸಿದ್ಧವಾಗಿವೆ. ಕಣ್ಣು ಕೆಡುತ್ತದೆ, ಓದು ಹಾಳಾಗುತ್ತದೆ, ಹೊಡೆದಾಟ ಕಲಿಯುತ್ತಾರೆ, ಹಣ ಕಳೆಯುತ್ತಾರೆ. ಸರ್ಕಾರವೂ ತನ್ನ ಪಾಲಿನ ಕ್ರಮಗಳನ್ನು ಕೈಗೊಂಡಿದೆ. ಸೆಪ್ಟೆಂಬರ್ 2020ರಲ್ಲಿ ಪಬ್‌ಜಿ ನಿಷೇಧವಾಯಿತು, 2022ರ ಫೆಬ್ರವರಿಯಲ್ಲಿ ಫ್ರೀ ಫೈರ್. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಸಂಸತ್ತು ಕಾನೂನನ್ನೇ ತಂದಿತು.

ಆದರೆ ಈ ಆಟಗಳು ಯಾವ ಕಥೆ ಹೇಳುತ್ತಿವೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಸಿನಿಮಾ ಬಂದರೆ ವಿಮರ್ಶೆ ಬರೆಯುತ್ತೇವೆ. ಧಾರಾವಾಹಿಗಳ ಅತ್ತೆ-ಸೊಸೆಯರ ಬಗ್ಗೆ ವಿಚಾರಗೋಷ್ಠಿ ನಡೆಸುತ್ತೇವೆ. ದಿನಕ್ಕೆ ಎರಡು ಮೂರು ಗಂಟೆ ಮಕ್ಕಳ ಮನಸ್ಸನ್ನು ಹಿಡಿದಿಡುವ ವಿಡಿಯೋ ಗೇಮ್ ಮಾತ್ರ ನಮಗೆ ಒಂದು ಚಟವಾಗಿ ಕಾಣುತ್ತದೆಯೇ ಹೊರತು ಕೃತಿಯಾಗಿ ಕಾಣುವುದಿಲ್ಲ. ಕಥೆ ಬರೆಯುವ ನನಗೆ ಈ ಆಟಗಳನ್ನು ಕೃತಿಗಳಂತೆ ಓದಬೇಕೆನಿಸುತ್ತದೆ. ಅದಕ್ಕಾಗಿ ಇಲ್ಲಿ ಒಂದೇ ಎಳೆಯನ್ನು ಎತ್ತಿಕೊಂಡಿದ್ದೇನೆ: ಈ ಆಟಗಳಲ್ಲಿ ತಾಯಿ ಎಲ್ಲಿದ್ದಾಳೆ? ಆಕೆ ಏನು ಮಾಡುತ್ತಾಳೆ? ಹೆಣ್ಣಿಗೆ ಯಾವ ಕೆಲಸ, ಗಂಡಿಗೆ ಯಾವ ಕೆಲಸ ಎಂದು ಇವು ನಮ್ಮ ಮಕ್ಕಳಿಗೆ ಹೇಳಿಕೊಡುತ್ತಿವೆ?

ಆಟವನ್ನು ಓದುವ ಬಗೆ ಕಥೆಯನ್ನು ಓದುವ ಬಗೆಗಿಂತ ಬೇರೆ. ಕಥೆಯಲ್ಲಿ ನಾವು ಪಾತ್ರವನ್ನು ನೋಡುತ್ತೇವೆ. ಆಟದಲ್ಲಿ ಪಾತ್ರದ ಕೈ ನಮ್ಮ ಕೈಯಾಗುತ್ತದೆ. ಆದ್ದರಿಂದ ಪರದೆಯ ಮೇಲಿನ ಹೆಣ್ಣು ಎಂಥ ಬಟ್ಟೆ ತೊಟ್ಟಿದ್ದಾಳೆ, ಎಷ್ಟು ಚೆಲುವೆ ಎಂಬುದಕ್ಕಿಂತ, ಆಟಗಾರನ ಕೈಗೆ ಆಟ ಯಾವ ಕೆಲಸ ಕೊಟ್ಟಿದೆ ಎಂಬುದೇ ಮುಖ್ಯ.

ಕೈಗೆಲಸದಿಂದಲೇ ಅರ್ಥ ಹುಟ್ಟುತ್ತದೆ ಎಂಬ ಮಾತು ನಮ್ಮ ಸೀಮೆಗೆ ಹೊಸತಲ್ಲ. ಬಿಜಾಪುರದ ಸೂಫಿಗಳು 17ನೇ ಶತಮಾನದಲ್ಲಿ ದಖನಿಯಲ್ಲಿ ಚಕ್ಕಿನಾಮಾ, ಚರಖಾನಾಮಾ, ಲೋರಿನಾಮಾಗಳನ್ನು ರಚಿಸಿದರು. ಬೀಸುವಾಗ, ನೂಲುವಾಗ, ತೊಟ್ಟಿಲು ತೂಗುವಾಗ ಹೆಂಗಸರು ಹಾಡಲೆಂದು ಕಟ್ಟಿದ ಪದಗಳಿವು. ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ಗ್ರಂಥದಲ್ಲಿ ಇವುಗಳ ಮಹತ್ವವನ್ನು ವಿವರಿಸಿದ್ದಾರೆ. ಆ ಪದಗಳಲ್ಲಿ ಬೀಸುಕಲ್ಲಿನ ನೆಟ್ಟಗಿನ ಹಿಡಿಯೇ ಅಲಿಫ್ ಅಕ್ಷರವಾಗುತ್ತದೆ. ಹಿಡಿ ತಿರುಗಿಸುವ ಕೈಗೆ ತಾನು ಮಾಡುತ್ತಿರುವ ಕೆಲಸದಲ್ಲೇ ದೇವರ ನೆನಪು ಸಿಗುತ್ತದೆ. ಪಕ್ಕದ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ತಂದಾಗ ಕನ್ನಡ ಲೋಕಕ್ಕೆ ತಿಳಿದದ್ದೂ ಇದೇ. ಬೀಸುವ ಹೆಣ್ಣಿಗೆ ತವರು, ಮಗು, ಗಂಡ, ದೇವರು ಎಲ್ಲದರ ಬಗ್ಗೆಯೂ ಹೇಳಲು ಮಾತಿತ್ತು. ಅಲ್ಲಿ ದುಡಿಯುವ ಕೈಯೂ ಅವಳದೇ, ಹಾಡುವ ಬಾಯಿಯೂ ಅವಳದೇ. ಈ ಅಳತೆಗೋಲನ್ನು ಹಿಡಿದುಕೊಂಡೇ ಪರದೆಯ ಮೇಲಿನ ತಾಯಿಯನ್ನು ನೋಡೋಣ.

ಕದ್ದೊಯ್ದ ಹೆಣ್ಣು, ಕೊಕ್ಕರೆ ತಂದ ಕೂಸು

1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ 'ಡಾಂಕಿ ಕಾಂಗ್' ಬಂತು. ದೈತ್ಯ ಕೋತಿಯೊಂದು ಹೆಣ್ಣೊಬ್ಬಳನ್ನು ಎತ್ತಿಕೊಂಡು ಹೋಗಿ ಕಟ್ಟಡದ ತುದಿಯಲ್ಲಿ ಕೂರಿಸಿದೆ. ಗಂಡಸು ಏಣಿ ಹತ್ತಿ, ಉರುಳಿ ಬರುವ ಪೀಪಾಯಿಗಳನ್ನು ಹಾರಿ ಅವಳನ್ನು ಬಿಡಿಸಬೇಕು. ಮೊದಲಿಗೆ ಆ ಹೆಣ್ಣಿಗೆ ಸರಿಯಾದ ಹೆಸರೂ ಇರಲಿಲ್ಲ, ಬರೀ 'ಲೇಡಿ'. ಪಾಲಿನ್ ಎಂಬ ಹೆಸರು ಬಂದದ್ದು ಆಮೇಲೆ. ಆ ಗಂಡಸೇ ಮುಂದೆ ಜಗತ್ಪ್ರಸಿದ್ಧ ಮಾರಿಯೋ ಆದ. 1985ರ 'ಸೂಪರ್ ಮಾರಿಯೋ ಬ್ರದರ್ಸ್'ನಲ್ಲಿ ಕೋತಿಯ ಜಾಗಕ್ಕೆ ಬೌಸರ್ ಎಂಬ ರಾಕ್ಷಸ ಬಂದ, ಹೆಣ್ಣಿನ ಜಾಗಕ್ಕೆ ರಾಜಕುಮಾರಿ. ಕೆಲಸಗಳ ಹಂಚಿಕೆ ಮಾತ್ರ ಹಾಗೇ ಉಳಿಯಿತು. ಓಡುವುದು, ಹಾರುವುದು, ಬೀಳುವುದು, ಏಳುವುದು ಗಂಡಸಿನ ಪಾಲಿಗೆ. ಕಾಯುವುದು ಹೆಣ್ಣಿನ ಪಾಲಿಗೆ.

ಅದೇ ರಾಜಕುಮಾರಿ ಪೀಚ್‌ಗೆ 2005ರಲ್ಲಿ ತನ್ನದೇ ಆದ ಆಟವೊಂದು ಸಿಕ್ಕಿತು. ಈ ಸಲ ಮಾರಿಯೋ ಬಂದಿ, ಬಿಡಿಸುವವಳು ಅವಳು. ಆದರೆ ಅವಳಿಗೆ ಕೊಟ್ಟ ಆಯುಧಗಳೇನು? ಸಂತೋಷ, ಸಿಟ್ಟು, ದುಃಖ, ಶಾಂತಿ. ಅಂದರೆ ಅತ್ತು, ಕೋಪಗೊಂಡು, ನಲಿದು ಅವಳು ಗೆಲ್ಲಬೇಕು. ಗಂಡಿಗೆ ಕಾಲು ಮತ್ತು ತೋಳು, ಹೆಣ್ಣಿಗೆ ಕಣ್ಣೀರು. ಕಟ್ಟು ಸಡಿಲಿಸಿದಾಗಲೂ ಕಟ್ಟಿದವರ ಕಲ್ಪನೆ ಸಡಿಲವಾಗಿರಲಿಲ್ಲ.

ತಾಯ್ತನದ ವಿಷಯದಲ್ಲಿ 1982ರ 'ಮಿಸ್ ಪ್ಯಾಕ್‌ಮನ್' ಬಹಳ ಕುತೂಹಲದ ಉದಾಹರಣೆ. ಹಳದಿ ಗುಂಡಿನಂತಿದ್ದ ಪ್ಯಾಕ್‌ಮನ್‌ಗೆ ತಲೆಗೊಂದು ರಿಬ್ಬನ್, ತುಟಿಗೆ ಬಣ್ಣ ಹಚ್ಚಿ ಹೆಣ್ಣು ಮಾಡಲಾಯಿತು. ಹಂತಗಳ ನಡುವೆ ಮೂರು ಪುಟ್ಟ ದೃಶ್ಯಗಳು ಬರುತ್ತವೆ. ಮೊದಲು ಅವರಿಬ್ಬರ ಭೇಟಿ, ಬಳಿಕ ಬೆನ್ನಟ್ಟಾಟ, ಕೊನೆಗೆ ಕೊಕ್ಕರೆಯೊಂದು ಹಾರಿಬಂದು ಕೂಸಿನ ಗಂಟನ್ನು ಕೆಳಗೆ ಬಿಡುತ್ತದೆ. ಗಮನಿಸಿ, ಈ ದೃಶ್ಯಗಳು ನಡೆಯುವಾಗ ಆಡುವವನ ಕೈಗೆ ಕೆಲಸವಿಲ್ಲ. ಆಟ ನಿಂತಾಗ ಅವಳು ತಾಯಿಯಾಗುತ್ತಾಳೆ. ಆಟ ಮತ್ತೆ ಶುರುವಾದಾಗ ಕೂಸಿನ ಸುಳಿವಿಲ್ಲ, ಅವಳು ಚುಕ್ಕಿ ನುಂಗುತ್ತ ಭೂತಗಳಿಂದ ತಪ್ಪಿಸಿಕೊಳ್ಳುತ್ತಿರುತ್ತಾಳೆ. ಹೆರುವುದೂ ಇಲ್ಲ, ಹಾಲೂಡುವುದೂ ಇಲ್ಲ, ರಾತ್ರಿ ಎದ್ದು ಕೂರುವುದೂ ಇಲ್ಲ. ತಾಯ್ತನವೆಂದರೆ ಎರಡು ಆಟಗಳ ನಡುವಿನ ಬಿಡುವು ಎಂಬ ಈ ಕಲ್ಪನೆ ಮುಂದೆ ಬಹುಕಾಲ ನಡೆದುಬಂತು.

ಫೋನಿನಲ್ಲಿ ಅಪ್ಪ, ಅಡುಗೆಮನೆಯಲ್ಲಿ ಅಮ್ಮ

ಜಪಾನಿನ ಶಿಗೆಸಾತೊ ಇತೊಯಿ ಎಂಬ ಲೇಖಕ ರೂಪಿಸಿದ ಆಟಸರಣಿಯೊಂದರ ಹೆಸರೇ 'ಮದರ್'. ಮೊದಲನೆಯದು 1989ರಲ್ಲಿ, ಎರಡನೆಯದು 1994ರಲ್ಲಿ ಬಂತು. ಎರಡನೆಯದು ಅಮೆರಿಕದಲ್ಲಿ 'ಅರ್ತ್‌ಬೌಂಡ್' ಎಂಬ ಹೆಸರಿನಿಂದ ಪ್ರಸಿದ್ಧ. ಇದರ ನಾಯಕ ನೆಸ್ ಎಂಬ ಬಾಲಕ. ಅವನ ತಂದೆ ಆಟದುದ್ದಕ್ಕೂ ಕಾಣುವುದೇ ಇಲ್ಲ. ಫೋನಿನಲ್ಲಿ ಮಾತಾಡುತ್ತಾನೆ, ಮಗನ ಖಾತೆಗೆ ಹಣ ಹಾಕುತ್ತಾನೆ, ಅಷ್ಟೇ. ತಾಯಿ ಮನೆಯಲ್ಲಿರುತ್ತಾಳೆ. ಮಗ ಬಂದಾಗ ಅವನಿಷ್ಟದ ಅಡುಗೆ ಬಡಿಸಿ ಮಲಗಿಸುತ್ತಾಳೆ. ಊರೂರು ಅಲೆಯುವ ಹುಡುಗನಿಗೆ ಕೆಲವೊಮ್ಮೆ ಮನೆಯ ನೆನಪು ಕಾಡುತ್ತದೆ. ಆಗ ಅವನ ಕೈ ಶತ್ರುವಿನ ಎದುರು ಏಳುವುದಿಲ್ಲ. ತಾಯಿಗೆ ಫೋನ್ ಮಾಡಿ ಅವಳ ದನಿ ಕೇಳಿದರೆ ಮಾತ್ರ ಅದು ಗುಣವಾಗುತ್ತದೆ.

ಇದನ್ನು ಟೋಕಿಯೊದ ಓದುಗನಿಗಿಂತ ಜೇವರ್ಗಿಯ ಓದುಗ ಚೆನ್ನಾಗಿ ಅರ್ಥ ಮಾಡಿಕೊಂಡಾನು. ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದುಗಳಿಗೆ ದುಡಿಯಲು ಹೋದ ತಂದೆ ನಮ್ಮ ಎಷ್ಟೋ ಮನೆಗಳಲ್ಲಿ ಹೀಗೆ ಫೋನಿನ ದನಿ ಮಾತ್ರ. ಖಾತೆಗೆ ಬೀಳುವ ಹಣವೇ ಆತನ ಇರವಿನ ಗುರುತು. ಜಪಾನಿನ ಸಂಬಳದಾರ ತಂದೆಯರನ್ನು ಕಂಡು ಬರೆದ ಆಟ ನಮ್ಮ ಗುಳೆಯ ಮನೆಗಳಿಗೂ ಕನ್ನಡಿ ಹಿಡಿಯುತ್ತದೆ. ಈ ಸರಣಿಯಲ್ಲಿ ತಾಯಿಯ ಬಗ್ಗೆ ನಿಜವಾದ ಮಮತೆಯಿದೆ, ಅದನ್ನು ಮೆಚ್ಚಲೇಬೇಕು. ಆದರೆ ನಮ್ಮ ಮನೆಗಳ ಸತ್ಯದ ಅರ್ಧ ಭಾಗ ಮಾತ್ರ ಅದರಲ್ಲಿದೆ. ಗಂಡ ಪುಣೆಯಲ್ಲಿರುವಾಗ ಇಲ್ಲಿನ ಹೆಂಡತಿ ಅಡುಗೆ ಮಾಡಿ ಕಾಯುತ್ತ ಕೂರುವುದಿಲ್ಲ. ತೊಗರಿ ಹೊಲದ ಕಳೆ ತೆಗೆಯುತ್ತಾಳೆ, ರೇಷನ್ ಸಾಲಿನಲ್ಲಿ ನಿಲ್ಲುತ್ತಾಳೆ, ಸಂಘದ ಸಾಲದ ಕಂತು ಕಟ್ಟುತ್ತಾಳೆ, ಜ್ವರ ಬಂದ ಮಗುವನ್ನು ಹೊತ್ತು ತಾಲೂಕು ಆಸ್ಪತ್ರೆಗೆ ಬಸ್ ಹಿಡಿಯುತ್ತಾಳೆ. ನೆಸ್‌ನ ಸಾಹಸಕ್ಕೆ ಇದೇನೂ ಕಡಿಮೆಯಲ್ಲ. ಆ ಸಾಹಸದ ಆಟವನ್ನು ಯಾರೂ ಕಟ್ಟಿಲ್ಲ.

ಅಡುಗೆಮನೆಯ ತಾಯಿಗೇ ಆಟ ಕಟ್ಟಿದವರೂ ಇದ್ದಾರೆ. 2006ರಲ್ಲಿ ಬಂದ 'ಕುಕಿಂಗ್ ಮಾಮಾ'ದಲ್ಲಿ ಆಡುವವರು ತರಕಾರಿ ಹೆಚ್ಚಬೇಕು, ಕಲಸಬೇಕು, ಹುರಿಯಬೇಕು. ತಲೆಗೆ ವಸ್ತ್ರ ಕಟ್ಟಿದ 'ಮಾಮಾ' ಪಕ್ಕದಲ್ಲಿ ನಿಂತು ನೋಡುತ್ತಾಳೆ. ಚೆನ್ನಾಗಿ ಮಾಡಿದರೆ ಹಿಗ್ಗುತ್ತಾಳೆ, ಕೆಡಿಸಿದರೆ ಅವಳ ಕಣ್ಣಲ್ಲಿ ಬೆಂಕಿಯೇ ಉರಿಯುತ್ತದೆ. ಅಡುಗೆಯೂ ಕೈಚಳಕ ಬೇಡುವ ವಿದ್ಯೆ ಎಂದು ತೋರಿಸಿದ್ದು ಈ ಆಟದ ಹೆಗ್ಗಳಿಕೆ. ಆದರೂ ಮಾಮಾ ತಾನೇ ಏನನ್ನು ತಿನ್ನುತ್ತಾಳೆ, ಅಡುಗೆ ಮುಗಿದ ಮೇಲೆ ಏನು ಮಾಡುತ್ತಾಳೆ, ಅವಳಿಗೆ ಹೆಸರೇನು ಎಂಬುದು ಆಟದ ಕಾಳಜಿಯಲ್ಲ.

ಅಪ್ಪಂದಿರ ಕಾಲ

2010ರ ಬಳಿಕ ದೊಡ್ಡ ಬಂಡವಾಳದ ಆಟಗಳಲ್ಲಿ ಒಂದು ಬದಲಾವಣೆ ಕಂಡಿತು. ಗುಂಡು ಹಾರಿಸುವ ಗಂಡಸು ತಂದೆಯಾದ. 2012ರ 'ದಿ ವಾಕಿಂಗ್ ಡೆಡ್'ನಲ್ಲಿ ಲೀ ಎಂಬಾತ ಪುಟ್ಟ ಹುಡುಗಿ ಕ್ಲೆಮೆಂಟೈನಳನ್ನು ಕಾಪಾಡುತ್ತಾನೆ. 2013ರ 'ದಿ ಲಾಸ್ಟ್ ಆಫ್ ಅಸ್'ನಲ್ಲಿ ಮಗಳನ್ನು ಕಳೆದುಕೊಂಡ ಜೋಯೆಲ್, ಎಲ್ಲಿ ಎಂಬ ಬಾಲಕಿಯನ್ನು ಜತೆಗೊಯ್ಯುತ್ತಾನೆ. 2018ರ 'ಗಾಡ್ ಆಫ್ ವಾರ್'ನಲ್ಲಿ ಕ್ರೇಟೋಸ್ ಎಂಬ ಕಡುಕೋಪಿ ಯೋಧ ಮಗನ ಜತೆ ಪಯಣ ಹೊರಡುತ್ತಾನೆ. ಗಂಡಸಿಗೂ ಮಕ್ಕಳ ಬಗ್ಗೆ ಅಳುಕು, ಅಕ್ಕರೆ, ಪಶ್ಚಾತ್ತಾಪ ಉಂಟೆಂದು ಇವು ತೋರಿಸಿದವು. ಮಗನ ಹೆಗಲ ಮೇಲೆ ಕೈಯಿಡಲು ಹಿಂಜರಿಯುವ ಕ್ರೇಟೋಸ್‌ನಲ್ಲಿ ನಮ್ಮ ಸೀಮೆಯ ಎಷ್ಟೋ ಮಾತಿಲ್ಲದ ತಂದೆಯರನ್ನು ಕಾಣಬಹುದು. ಇದು ಸಣ್ಣ ಸಾಧನೆಯಲ್ಲ.

ಆದರೆ ಈ ತಂದೆಯರು ಬೆಳಗಲು ತಾಯಂದಿರು ಏನಾದರು? 'ಗಾಡ್ ಆಫ್ ವಾರ್' ಆರಂಭವಾಗುವುದೇ ತಾಯಿಯ ಚಿತೆಯಿಂದ. ಅವಳ ಬೂದಿಯನ್ನು ಅತಿ ಎತ್ತರದ ಶಿಖರದಿಂದ ಚೆಲ್ಲುವುದೇ ಪಯಣದ ಗುರಿ. ಕೊನೆಯಲ್ಲಿ ತಿಳಿಯುವ ಸಂಗತಿಯೆಂದರೆ, ಆಕೆಯೇ ದೈತ್ಯಕುಲದವಳು, ನಡೆಯಲಿರುವುದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತು. ಇಡೀ ಕಥೆಯಲ್ಲಿ ಹೆಚ್ಚು ತಿಳಿದವಳು, ಹೆಚ್ಚು ಕುತೂಹಲಕಾರಿ ವ್ಯಕ್ತಿ ಅವಳೇ. ಆದರೂ ಆಟಗಾರನಿಗೆ ಅವಳು ಸಿಗುವುದು ಸೊಂಟಕ್ಕೆ ಕಟ್ಟಿದ ಬೂದಿಯ ಚೀಲವಾಗಿ. ತಾಯಿ ಸಾಯದೆ ಉಳಿದರೆ ಮತ್ತೊಂದು ಅಪಾಯ ಕಾದಿರುತ್ತದೆ. 2010ರ 'ಬಯೋಶಾಕ್ 2'ರಲ್ಲಿ ಮಗಳನ್ನು ಕಾಪಾಡಲು ಹೊರಟವನು ತಂದೆಯ ಸ್ಥಾನದ ಸಬ್ಜೆಕ್ಟ್ ಡೆಲ್ಟಾ, ಮಗಳ ಬದುಕನ್ನು ತನ್ನ ಸಿದ್ಧಾಂತಕ್ಕೆ ಬಲಿಕೊಡಲು ನಿಂತವಳು ಹೆತ್ತ ತಾಯಿ ಸೋಫಿಯಾ ಲ್ಯಾಂಬ್. ಸತ್ತರೆ ದೇವತೆ, ಬದುಕಿದರೆ ರಾಕ್ಷಸಿ. ಈ ಎರಡರ ನಡುವೆ ದಣಿಯುವ, ಬಯಸುವ, ಸಿಡುಕುವ, ಮತ್ತೆ ಮಗುವನ್ನು ಅಪ್ಪಿಕೊಳ್ಳುವ ಸಾಮಾನ್ಯ ತಾಯಿಗೆ ಅಲ್ಲಿ ಜಾಗವಿಲ್ಲ.

ನಮ್ಮ ಪ್ರವಚನಗಳೂ ಸಿನಿಮಾಗಳೂ ತಾಯಿಯನ್ನು ಹೊಗಳುವ ರೀತಿಗೆ ಇದಕ್ಕೂ ಬಹಳ ಅಂತರವಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಸ್ವರ್ಗ ತಾಯಿಯ ಪಾದದಡಿಯಿದೆ ಎಂದು ಜುಮಾ ಪ್ರವಚನಗಳಲ್ಲಿ ಕೇಳುತ್ತೇವೆ. ಆ ಪಾದಗಳು ದಿನಕ್ಕೆ ಎಷ್ಟು ಗಂಟೆ ನಿಂತಿರುತ್ತವೆ ಎಂದು ಮನೆಗೆ ಬಂದು ಕೇಳುವವರು ವಿರಳ. ಪ್ರವಾದಿಯವರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಹಜ್ರತ್ ಆಯಿಶಾ(ರ) ಹೇಳಿದ್ದು ಹದೀಸ್ ಗ್ರಂಥಗಳಲ್ಲಿದೆ. ಈ ಮಾತು ನಮ್ಮ ವೇದಿಕೆಗಳಲ್ಲಿ ಮೊದಲಿನದರಷ್ಟು ಕೇಳಿಬರುವುದಿಲ್ಲ.

ಅವಳ ಕೈಯಾಗಿ ಆಡಿದಾಗ

ಬೇರೆ ದಾರಿ ಇಲ್ಲವೇ? ಇದೆ. 2000ರಲ್ಲಿ ವಿಲ್ ರೈಟ್ ರೂಪಿಸಿದ 'ದಿ ಸಿಮ್ಸ್' ಸಂಸಾರದ ಆಟ. ಅದರಲ್ಲಿ ಕೂಸು ಅತ್ತರೆ ಗಂಡನೂ ಎತ್ತಿಕೊಳ್ಳಬಹುದು, ಹೆಂಡತಿಯೂ ಎತ್ತಿಕೊಳ್ಳಬಹುದು. ಪಾತ್ರೆ ಇಬ್ಬರೂ ತೊಳೆಯಬಹುದು, ನೌಕರಿಗೆ ಇಬ್ಬರೂ ಹೋಗಬಹುದು. ಕೂಸನ್ನು ಯಾರೂ ನೋಡದಿದ್ದರೆ ಅಧಿಕಾರಿಯೊಬ್ಬರು ಬಂದು ಅದನ್ನು ಒಯ್ದುಬಿಡುತ್ತಾರೆ. ಯಾವ ಘೋಷಣೆಯೂ ಇಲ್ಲದೆ, ಬರಿಯ ನಿಯಮಗಳ ಮೂಲಕ ಆ ಆಟ ಮನೆಗೆಲಸವನ್ನು ಗಂಡು-ಹೆಣ್ಣಿನ ಹಣೆಬರಹದಿಂದ ಬಿಡಿಸಿತು.

2013ರ 'ಶೆಲ್ಟರ್' ಎಂಬ ಸ್ವೀಡನ್ನಿನ ಆಟದಲ್ಲಿ ಆಡುವವರು ಬ್ಯಾಜರ್ ಎಂಬ ಬಿಲದ ಪ್ರಾಣಿಯ ತಾಯಿ. ಬೆನ್ನ ಹಿಂದೆ ಐದು ಮರಿಗಳು. ಒಂದಕ್ಕೆ ಹಸಿವಾದರೆ ಅದರ ಮೈಬಣ್ಣ ಮಾಸುತ್ತದೆ. ಸಿಕ್ಕ ಗೆಡ್ಡೆ ಒಂದೇ, ಬಾಯಿಗಳು ಐದು. ಮೇಲೆ ಹದ್ದು, ಮುಂದೆ ಹೊಳೆ, ಹಿಂದೆ ಕಾಡ್ಗಿಚ್ಚು. ಯಾವ ಮರಿಗೆ ಮೊದಲು ಕೊಡಬೇಕು? ಬರಗಾಲ ಕಂಡ ಯಾವ ತಾಯಿಯನ್ನಾದರೂ ಕೇಳಿ, ಈ ಲೆಕ್ಕ ಅವಳಿಗೆ ಗೊತ್ತು. ಇಲ್ಲಿ ತಾಯ್ತನ ಬಿಡುವಿನ ದೃಶ್ಯವಲ್ಲ. ಅದೇ ಆಟ.

ನಮಗೆ ಇನ್ನೂ ಹತ್ತಿರದ್ದು 2023ರ ಜುಲೈನಲ್ಲಿ ಬಂದ 'ವೆಣ್ಬಾ'. ಕೆನಡಾದ ಟೊರಾಂಟೊದ ವಿಸೈ ಗೇಮ್ಸ್ ಎಂಬ ಸಣ್ಣ ತಂಡದ ಕೃತಿ ಇದು. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ವೆಣ್ಬಾ, ಅವಳ ಗಂಡ ಪಾವಲನ್, ಮಗ ಕವಿನ್, ಇವರ ಕಥೆ. ತಾಯಿ ಕೊಟ್ಟ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿವೆ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಸರಿಯಾಗಿ ಏರುತ್ತದೆ ಎಂಬುದನ್ನು ಆಡುವವರೇ ಯೋಚಿಸಿ ಕಂಡುಕೊಳ್ಳಬೇಕು. ಮಗ ಬೆಳೆದಂತೆ ತಾಯ್ನುಡಿಗೂ ತಾಯಿಯ ಅಡುಗೆಗೂ ಮುಖ ತಿರುಗಿಸುತ್ತಾನೆ. ಕೊನೆಯ ಭಾಗದಲ್ಲಿ ಆಟ ಕೈ ಬದಲಿಸುತ್ತದೆ. ಅಲ್ಲಿಯವರೆಗೆ ತಾಯಿಯಾಗಿ ಆಡಿದವರು ಈಗ ಮಗನಾಗಿ, ಅದೇ ಒಲೆಯ ಮುಂದೆ ನಿಲ್ಲಬೇಕು. ಅವಳ ಕೈ ಎಷ್ಟು ತಿಳಿದಿತ್ತು ಎಂಬುದು ತಡವರಿಸುವ ಅವನ ಕೈಗೆ ಆಗ ತಿಳಿಯುತ್ತದೆ. 2024ರಲ್ಲಿ ಈ ಆಟಕ್ಕೆ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಚೊಚ್ಚಲ ಆಟದ ಪ್ರಶಸ್ತಿ ಬಂತು.

ನಮ್ಮ ರೈಲು ಹಾದಿಯಲ್ಲೇ ಇರುವ ಪುಣೆಯಲ್ಲಿ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ 'ರಾಜಿ' ಎಂಬ ಆಟ ಹೊರತಂದಿತು. ರಾಕ್ಷಸರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಡುವವಳು ಅಕ್ಕ ರಾಜಿ, ಡೊಂಬರಾಟ ಬಲ್ಲ ಹುಡುಗಿ. ಮಾರಿಯೋ ಕಾಲದ ಹಂಚಿಕೆ ಇಲ್ಲಿ ತಿರುವುಮುರುವಾಗಿದೆ. ಹಾಗಿದ್ದೂ ಒಂದು ಮಾತು ಹೇಳಬೇಕು. ಹುಡುಗಿಯ ಸಾಹಸಕ್ಕೆ ಕಾರಣವಾಗಿ ನಮಗೆ ಮತ್ತೆ ತಮ್ಮನ ಜವಾಬ್ದಾರಿಯೇ ಬೇಕಾಯಿತು. ಅವಳು ತನಗಾಗಿಯೇ, ಬರಿಯ ಕುತೂಹಲಕ್ಕಾಗಿಯೇ ಊರು ಬಿಟ್ಟು ಹೊರಡುವ ಕಥೆ ಇನ್ನೂ ಬರಬೇಕಿದೆ.

ಈ ಮಾತು ನಮ್ಮ ಊರುಗಳಿಗೆ ನೇರವಾಗಿ ತಾಗುತ್ತದೆ. ಇಲ್ಲಿ ಎಂಟು-ಹತ್ತು ವರ್ಷದ ಹುಡುಗಿಯ ಬಗಲಲ್ಲಿ ಕೂಸಿರುತ್ತದೆ. ತಾಯಿ ಕೂಲಿಗೆ ಹೋದರೆ ಇವಳೇ ತಾಯಿ. ಅಣ್ಣ ಕಟ್ಟೆಯ ಮೇಲೆ ಮೊಬೈಲಿನಲ್ಲಿ ಯುದ್ಧ ಗೆಲ್ಲುವಾಗ ಇವಳು ಜೋಲಿ ತೂಗುತ್ತಾಳೆ. ಯಾವಾಗಲೋ ಮೊಬೈಲ್ ಇವಳ ಕೈಗೆ ಬಂದರೆ 'ಹುಡುಗಿಯರ ಆಟ' ಎಂಬ ಹಣೆಪಟ್ಟಿಯಡಿ ಸಿಗುವುದೇನು? ಗೊಂಬೆಗೆ ಸ್ನಾನ ಮಾಡಿಸುವುದು, ಕೂಸಿನ ಬಟ್ಟೆ ಬದಲಿಸುವುದು, ಮದುಮಗಳಿಗೆ ಮೇಕಪ್ ಮಾಡುವುದು, ಬಸುರಿಯನ್ನು ಡಾಕ್ಟರ ಬಳಿ ಒಯ್ಯುವುದು. ನಡುನಡುವೆ ಬರುವ ಜಾಹೀರಾತುಗಳಲ್ಲಿ ಗಂಡನಿಂದ ಹೊರದಬ್ಬಿಸಿಕೊಂಡ ತಾಯಿ ಕೂಸನ್ನಪ್ಪಿ ಚಳಿಯಲ್ಲಿ ನಡುಗುತ್ತಿರುತ್ತಾಳೆ, ಅವಳನ್ನು ಉಳಿಸಲು ಆಟವನ್ನು ಇಳಿಸಿಕೊಳ್ಳಬೇಕಂತೆ! ಹಳೆಯ ಗುಡ್ಡಾ-ಗುಡ್ಡಿ ಮದುವೆಯಾಟದಲ್ಲೂ ಹುಡುಗಿಯರು ಸಂಸಾರವನ್ನೇ ಆಡುತ್ತಿದ್ದರು ನಿಜ. ಆದರೆ ಅಲ್ಲಿ ಬೀಗರ ಜಗಳ, ವರದಕ್ಷಿಣೆಯ ಅಣಕ, ದೊಡ್ಡವರ ಗೇಲಿ ಎಲ್ಲ ಇರುತ್ತಿತ್ತು. ಆಟದ ನಿಯಮ ಅವರದೇ ಕೈಯಲ್ಲಿತ್ತು. ಮೊಬೈಲ್ ಗೊಂಬೆ ಮದುವೆಯನ್ನು ಮುರಿಯಲು ಯಾವ ಬಟನ್ನೂ ಇಲ್ಲ.

ಆಟ ಆಟವೇ, ಅದರಿಂದ ನೀತಿಪಾಠ ಕೇಳಬಾರದು ಎಂದು ಕೆಲವರು ಹೇಳಬಹುದು. ಒಪ್ಪುತ್ತೇನೆ. ತಾಯಂದಿರ ಗುಣಗಾನಕ್ಕೆಂದು ಆಟ ಕಟ್ಟಿದರೆ ಅದನ್ನು ಯಾರೂ ಆಡುವುದಿಲ್ಲ, ಆಡಲೂ ಬಾರದು. ಕೇಳುತ್ತಿರುವುದು ಗುಣಗಾನವಲ್ಲ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಕಥೆಯೊಂದರ ಹೆಸರು 'ಒಮ್ಮೆ ಹೆಣ್ಣಾಗು ಪ್ರಭುವೇ'. ದೇವರಿಗೇ ಹಾಕಿದ ಈ ಸವಾಲು ಎಲ್ಲ ಒಳ್ಳೆಯ ಕಥೆಗಳೂ ಓದುಗನಿಗೆ ಹಾಕುವ ಸವಾಲು. ಬೇರೆಯವರಾಗಿ ನೋಡು ಎಂಬ ಈ ಕರೆಯನ್ನು ಅಕ್ಷರಶಃ ನಡೆಸಿಕೊಡಬಲ್ಲ ಕಲೆ ವಿಡಿಯೋ ಗೇಮ್. ಅಫಜಲಪುರದ ಹದಿನೈದರ ಹುಡುಗ ಅದರಲ್ಲಿ ಸೈನಿಕನಾಗಿದ್ದಾನೆ, ಕಳ್ಳನಾಗಿದ್ದಾನೆ, ರಾಕ್ಷಸನೂ ಆಗಿದ್ದಾನೆ. ಒಂದು ದಿನದ ಮಟ್ಟಿಗೆ ತನ್ನ ತಾಯಿಯಾಗಿಲ್ಲ. ಅಷ್ಟು ದೊಡ್ಡ ಶಕ್ತಿ ಇಷ್ಟು ಕಿರಿದಾದ ಕಲ್ಪನೆಯಲ್ಲಿ ಸಿಕ್ಕಿಕೊಂಡಿದೆ ಎಂಬುದೇ ನನ್ನ ತಕರಾರು.

ಇದಕ್ಕೆ ಕಾರಣವನ್ನು ಆಟ ಕಟ್ಟುವವರಲ್ಲಿ ಮಾತ್ರ ಹುಡುಕಿದರೆ ಸಾಲದು. ಆಡುವವರು ಯಾರೋ ಅವರಿಗೆ ತಕ್ಕಂತೆ ಆಟ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದ ಹೆಂಗಸರು ನೂರಕ್ಕೆ 33, ಗಂಡಸರು 57. ಬಿಡುವೂ ಇಲ್ಲದ, ಮೊಬೈಲೂ ತನ್ನದಲ್ಲದ ತಾಯಿ ಆಟದ ಮಾರುಕಟ್ಟೆಗೆ ಗಿರಾಕಿಯಲ್ಲ. ಆಟಕ್ಕೆ ಬಾರದವಳು ಆಟದೊಳಗೂ ಬರುವುದಿಲ್ಲ.

ಒಮ್ಮೆ ಮಾತ್ರ ಇದು ತುಸು ಬದಲಾದದ್ದನ್ನು ನಾವೆಲ್ಲ ಕಂಡಿದ್ದೇವೆ. 2020ರ ಲಾಕ್‌ಡೌನ್ ದಿನಗಳಲ್ಲಿ ಲೂಡೊ ಕಿಂಗ್ ಮನೆಮನೆಗೆ ಹೊಕ್ಕಿತು. ನಮ್ಮ ಹಳೆಯ ಪಗಡೆಯ ಮೊಮ್ಮಗ ಅದು. ಅಮ್ಮಂದಿರು, ಅತ್ತಿಗೆಯರು, ಅಜ್ಜಿಯರೂ ಒಂದೇ ಮೊಬೈಲಿನ ಸುತ್ತ ಕುಳಿತರು. ಅದರಲ್ಲಿ ಬಿಡಿಸಬೇಕಾದ ರಾಜಕುಮಾರಿಯಿಲ್ಲ, ತೂಗಬೇಕಾದ ತೊಟ್ಟಿಲಿಲ್ಲ. ಕೆಂಪು, ಹಸಿರು, ಹಳದಿ, ನೀಲಿ ಕಾಯಿಗಳಷ್ಟೇ. ತಾಯಿ ಮಗನ ಕಾಯಿಯನ್ನು ಹೊಡೆದು ಮನೆಗಟ್ಟಿ ಚಪ್ಪಾಳೆ ತಟ್ಟಿ ನಕ್ಕಳು. ಮಗನಿಗಾಗಿ ಸೋಲುವ ಹಳೆಯ ಅಭ್ಯಾಸವನ್ನು ಆ ಅರ್ಧ ಗಂಟೆ ಬದಿಗಿಟ್ಟಳು. ಗೆಲ್ಲಬೇಕೆಂಬ ಆಸೆ ಅವಳಿಗೂ ಇತ್ತೆಂದು ಕೆಲವು ಮಕ್ಕಳಿಗೆ ತಿಳಿದದ್ದು ಆಗಲೇ.

ಒಳ್ಳೆಯ ಆಟಗಳು ಬರಲಿ, ನಮ್ಮ ಹುಡುಗ-ಹುಡುಗಿಯರೇ ಕಲಬುರಗಿಯ ಕಾಲೇಜುಗಳಲ್ಲಿ ಕಲಿತು ಬೀಸುಕಲ್ಲಿನ, ಗುಳೆಯ, ತೊಗರಿ ಹೊಲದ ತಾಯಂದಿರ ಆಟಗಳನ್ನು ಕಟ್ಟಲಿ ಎಂದು ಹಾರೈಸೋಣ. ಅಲ್ಲಿಯವರೆಗೆ ಓದುಗರು ತಮ್ಮ ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಸಂಜೆ ಮಗ ಮೊಬೈಲ್ ಹಿಡಿದು ಕುಳಿತಾಗ ಅದನ್ನು ಕಸಿಯುವ ಬದಲು ಅಮ್ಮನನ್ನೂ ಆಟಕ್ಕೆ ಕರೆಯಲು ಹೇಳಿ. ಆಕೆ ಖಂಡಿತ ಪಾತ್ರೆ ತೊಳೆಯುವುದಿದೆ ಎನ್ನುತ್ತಾಳೆ. ಆ ಪಾತ್ರೆಗಳನ್ನು ಯಾರು ತೊಳೆಯಬೇಕೆಂಬುದು ಮನೆಯಲ್ಲಿ ಮೊದಲು ತೀರ್ಮಾನವಾಗಲಿ.